ಸ್ಯೂಡೋಮೊನಾಸ್ ಪುಡಿಯಲ್ಲಿ ಜೀವ ಇದೆಯಾ? ಡಿವಿಡಿ ಚೂರು, ವೆಬ್‌ಕ್ಯಾಮ್ ಮತ್ತು ಎರಡು ತಿಂಗಳ ಕೆಲಸ

ಹೋದ ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಮೂವತ್ತಕ್ಕೂ ಜಾಸ್ತಿ ಕಾಳುಮೆಣಸಿನ ಬಳ್ಳಿ ಶೀಘ್ರ ಸೊರಗು ರೋಗಕ್ಕೆ ಹೋದವು. ಅಡಿಕೆ ಮರಕ್ಕೆ ಹಬ್ಬಿಸಿದ್ದ ಹನ್ನೆರಡು ವರ್ಷದ ಬಳ್ಳಿಗಳು. ಒಂದು ವಾರ ಎಲೆ ಜೋತು ಬಿದ್ದಿತ್ತು, ಮುಂದಿನ ವಾರ ಗಂಟುಗಂಟಾಗಿ ಕಳಚಿ ನೆಲಕ್ಕೆ ಬಂತು. ಮುಂಗಾರು ಶುರುವಾಗುವಾಗ ಬುಡಕ್ಕೆ ಸ್ಯೂಡೋಮೊನಾಸ್, ಅಂದರೆ ರೋಗ ತಡೆಯಲೆಂದು ಕೊಡುವ ಬ್ಯಾಕ್ಟೀರಿಯಾದ ಪುಡಿ, ಹಾಕಿದ್ದೆ, ಗೊಬ್ಬರದ ಜೊತೆ ಕಲಸಿ, ಹೇಳಿದ ಪ್ರಮಾಣದಲ್ಲೇ. ಆಮೇಲೆ ಒಂದೇ ಪ್ರಶ್ನೆ ತಲೆಯಲ್ಲಿ ಕೂತಿತು. ನಾನು ಹಾಕಿದ ಪುಡಿಯಲ್ಲಿ ಬ್ಯಾಕ್ಟೀರಿಯಾ ಬದುಕಿತ್ತಾ? ಪೊಟ್ಟಣದಲ್ಲಿ ಇರುವುದು ಬಿಳಿ ಟಾಲ್ಕ್ ಪುಡಿ. ಒಳಗಿರುವ ಜೀವಿ ಬದುಕಿದ್ದರೂ ಸತ್ತಿದ್ದರೂ ಕೈಗೆ, ಮೂಗಿಗೆ, ಕಣ್ಣಿಗೆ ಒಂದೇ ಥರ.

ಆದರೆ ಇದರ ಪೂರ್ತಿ ಹೆಸರು ಸ್ಯೂಡೋಮೊನಾಸ್ ಫ್ಲೋರೆಸೆನ್ಸ್. ಕಬ್ಬಿಣ ಸಿಗದ ಕಡೆ ಬೆಳೆದಾಗ ಇದು ಪಯೋವರ್ಡಿನ್ ಅನ್ನುವ ಹಳದಿ-ಹಸಿರು ಬಣ್ಣವನ್ನು ಹೊರಗೆ ಬಿಡುತ್ತದೆ. ಆ ಬಣ್ಣ 400 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ಹೀರಿಕೊಂಡು 460ರ ಸುತ್ತ ಬೆಳಕು ಕೊಡುತ್ತದೆ. ಅಂದರೆ ಬೆಳಕನ್ನು ಬಿಡಿಸಿ ನೋಡುವ ಒಂದು ಪೆಟ್ಟಿಗೆ (ಸ್ಪೆಕ್ಟ್ರೋಮೀಟರ್) ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು ಅಂತ ಹೊರಟೆ. ತೀರ್ಥಹಳ್ಳಿ ಕಡೆಯ ಮಳೆಗಾಲ, ಜೂನ್ 8ಕ್ಕೆ ಶುರು ಮಾಡಿದ್ದು. ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ದಿನಚರಿ ನೋಡಿಕೊಂಡು ಬರೆಯುತ್ತಿದ್ದೇನೆ.

ಹಂತ 1. ಜೂನ್ 8ರಿಂದ 18: ಶೂ ಡಬ್ಬಿ

ಮೊದಲ ಪೆಟ್ಟಿಗೆ ಶೂ ಡಬ್ಬಿಯಲ್ಲಿ ಮಾಡಿದೆ. ಒಂದು ತುದಿಯಲ್ಲಿ ಶೇವಿಂಗ್ ಬ್ಲೇಡನ್ನು ಎರಡು ಹೋಳು ಮಾಡಿ, ಅಂಚುಗಳು ಎದುರುಬದುರಾಗಿ ಇರುವಂತೆ ಅಂಟಿಸಿದೆ. ನಡುವಿನ ಸೀಳಿಗೆ ಎರಡು ಎ4 ಹಾಳೆ ಸೇರಿಸಿದಷ್ಟು ದಪ್ಪ, ಸುಮಾರು 0.2 ಮಿಲಿಮೀಟರ್. ಇನ್ನೊಂದು ತುದಿಯಲ್ಲಿ ವೆಬ್‌ಕ್ಯಾಮ್, ಅದರ ಲೆನ್ಸ್ ಮುಂದೆ ಡಿವಿಡಿ ಚೂರು. ಖಾಲಿ ಡಿವಿಡಿ ತಗೊಂಡು ಅಂಚಿನಲ್ಲಿ ಚಾಕು ತೂರಿಸಿದರೆ ಎರಡು ಪದರವಾಗಿ ಬಿಡುತ್ತದೆ. ಪಾರದರ್ಶಕ ಪದರದ ಮೇಲಿನ ನೇರಳೆ ಬಣ್ಣವನ್ನು ಸ್ಪಿರಿಟ್ ಹಾಕಿ ತೊಳೆಯಬೇಕು, ಉಜ್ಜಬಾರದು. ಡಿವಿಡಿಯ ಗೆರೆಗಳ ನಡುವೆ 740 ನ್ಯಾನೋಮೀಟರ್ ಅಂತರ. ಹಾಗಾಗಿ ಹಸಿರು ಬೆಳಕು ಸುಮಾರು 48 ಡಿಗ್ರಿ ಬಾಗುತ್ತದೆ, ಕ್ಯಾಮೆರಾವನ್ನು ಅಷ್ಟೇ ಓರೆ ಇಡಬೇಕು. ಸಿಡಿ ಹಾಕಿಯೂ ನೋಡಿದೆ. ಅದರಲ್ಲಿ ಅಂತರ 1.6 ಮೈಕ್ರಾನ್, ಬಣ್ಣಗಳು ಅಷ್ಟು ಬಿಡಿಸಿಕೊಳ್ಳುವುದಿಲ್ಲ.

ಹಳೆಯ ಸಿಎಫ್ಎಲ್ ಬಲ್ಬ್ ಹಚ್ಚಿ ನೋಡಿದರೆ ಗೆರೆಗಳು ಚೆನ್ನಾಗಿ ಬಂದವು. 546 ನ್ಯಾನೋಮೀಟರ್‌ನ ಹಸಿರು ಗೆರೆ ಚಿತ್ರದ 541ನೇ ಪಿಕ್ಸೆಲ್‌ನಲ್ಲಿ. ಖುಷಿಯಾಯಿತು. ಆಮೇಲೆ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೇ ದಿನ ಅದೇ ಬಲ್ಬ್ ಹಚ್ಚಿದರೆ ಅದೇ ಗೆರೆ 556ನೇ ಪಿಕ್ಸೆಲ್‌ನಲ್ಲಿದೆ. ಏಳು ನ್ಯಾನೋಮೀಟರ್ ಸರಿದಿದೆ! ಡಬ್ಬಿ ಮುಟ್ಟಿದರೆ ಮೆತ್ತಗೆ, ಹಪ್ಪಳ ನೀರು ಕುಡಿದ ಹಾಗೆ. ಮಲೆನಾಡಿನ ಜೂನ್ ತಿಂಗಳಲ್ಲಿ ರಟ್ಟಿನ ಪೆಟ್ಟಿಗೆ ಮಾಡಬಾರದು ಅಂತ ನನಗೆ ಮೊದಲೇ ಹೊಳೆಯಬೇಕಿತ್ತು.

ಹಂತ 2. ಜೂನ್ 25: ಪಿವಿಸಿ ಪೈಪ್

ಕೊಟ್ಟಿಗೆಯಲ್ಲಿ ನೀರಾವರಿಗೆ ತಂದು ಉಳಿದಿದ್ದ 63 ಎಂಎಂ ಪೈಪ್ ಇತ್ತು. 20 ಸೆಂಟಿಮೀಟರ್ ಕತ್ತರಿಸಿದೆ. ಒಂದು ತುದಿಗೆ ಮುಚ್ಚಳ, ಅದರಲ್ಲಿ ಬ್ಲೇಡ್ ಸೀಳು. ಇನ್ನೊಂದು ತುದಿಯನ್ನು 48 ಡಿಗ್ರಿ ಓರೆಯಾಗಿ ಗರಗಸದಲ್ಲಿ ಕೊಯ್ದು, ಆ ಓರೆ ಬಾಯಿಗೆ ತೆಳು ಪಿವಿಸಿ ಹಲಗೆ ಅಂಟಿಸಿ, ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಓರೆ ಕೊಯ್ಯುವುದು ಕೈಯಲ್ಲಿ ಸರಿ ಬರುವುದಿಲ್ಲ. ಕಾಗದದಲ್ಲಿ ಅಳತೆ ಬರೆದು ಪೈಪಿಗೆ ಸುತ್ತಿ, ಗೆರೆ ಎಳೆದುಕೊಂಡು ಕೊಯ್ಯಬೇಕು. ಮೊದಲ ತುಂಡು ಹಾಳಾಯಿತು, ಎರಡನೆಯದು ನಿಂತಿತು. ಒಳಗೆ ಶಾಲೆಯ ಕಪ್ಪು ಹಲಗೆಗೆ ಬಳಿಯುವ ಮ್ಯಾಟ್ ಬಣ್ಣ, ಎರಡು ಕೈ.

ಇದಾದ ಮೇಲೆ ಅಳತೆ ಹೊಂದಿಸಿದ್ದು. ಸಿಎಫ್ಎಲ್‌ನ 436 ನೀಲಿ ಗೆರೆ ಮತ್ತು 546 ಹಸಿರು ಗೆರೆ, ಇವೆರಡೂ ಒಳಗಿನ ಪಾದರಸದ್ದು. ನಡುವೆ 229 ಪಿಕ್ಸೆಲ್ ಬಂತು, ಅಂದರೆ ಒಂದು ಪಿಕ್ಸೆಲ್‌ಗೆ 0.48 ನ್ಯಾನೋಮೀಟರ್. ಈ ಲೆಕ್ಕದಲ್ಲಿ 611ರ ಕೆಂಪು ಗೆರೆ 609 ಅಂತ ತೋರಿಸಿತು. ಎರಡು ನ್ಯಾನೋಮೀಟರ್ ತಪ್ಪು ನನ್ನ ಕೆಲಸಕ್ಕೆ ಪರವಾಗಿಲ್ಲ, ಬಿಟ್ಟೆ. ಈ ಪೈಪ್ ಆಗಸ್ಟ್ ಮುಗಿಯುವವರೆಗೂ ಒಂದು ಪಿಕ್ಸೆಲ್‌ಗಿಂತ ಜಾಸ್ತಿ ಅಲುಗಿಲ್ಲ.

ಮಾದರಿ ಇಡಲು ಮರದ ತುಂಡಿನಲ್ಲಿ ಚೌಕ ಗುಂಡಿ ಮಾಡಿಸಿದೆ. ಅದರೊಳಗೆ ಒಂದು ಸೆಂಟಿಮೀಟರ್‌ನ ಪ್ಲಾಸ್ಟಿಕ್ ಕ್ಯುವೆಟ್ (ದ್ರವ ತುಂಬಿ ಅಳೆಯುವ ಚೌಕ ಕೊಳವೆ) ಕೂರುತ್ತದೆ. ಒಂದು ಪಕ್ಕದಿಂದ 395 ನ್ಯಾನೋಮೀಟರ್‌ನ ಯುವಿ ಟಾರ್ಚ್, ಅದಕ್ಕೆ ಸರಿಯಾಗಿ ಅಡ್ಡಕ್ಕೆ, 90 ಡಿಗ್ರಿಯಲ್ಲಿ, ಪೈಪಿನ ಸೀಳು. ಟಾರ್ಚಿನ ಬೆಳಕು ನೇರ ಸೀಳಿಗೆ ಬೀಳಬಾರದು ಅನ್ನೋದೇ ಇದರ ಉದ್ದೇಶ. ಹೋಮಿಯೋಪತಿ ಗುಂಡು ಶೀಶೆ ಬಳಸಬೇಡಿ, ದುಂಡು ಗಾಜು ಬೆಳಕನ್ನು ಎಲ್ಲಾ ಕಡೆ ಚೆಲ್ಲುತ್ತದೆ. ಮತ್ತೆ ಯುವಿ ಟಾರ್ಚನ್ನು ಕಣ್ಣಿಗೆ ಹಿಡಿಯಬಾರದು. ಮಂದವಾಗಿ ಕಾಣುತ್ತದೆ ಅಂತ ಸುಮ್ನೆ ನೋಡುತ್ತಾ ಕೂರುವುದೇ ಅಪಾಯ.

ಹಂತ 3. ಜುಲೈ 3ರಿಂದ 8: ಮಾಧ್ಯಮ

ಮಾಧ್ಯಮ ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಕೊಡುವ ಊಟ, ನಾನು ಬಳಸಿದ್ದು ಕಿಂಗ್ಸ್ ಬಿ. 1954ರಲ್ಲಿ ಕಿಂಗ್, ವಾರ್ಡ್, ರೇನಿ ಅನ್ನುವ ಮೂವರು ಈ ಬಣ್ಣ ಕಾಣಿಸಲೆಂದೇ ಮಾಡಿದ್ದು, ಇವತ್ತಿಗೂ ಲ್ಯಾಬ್‌ಗಳಲ್ಲಿ ಅದೇ ನಡೆಯುತ್ತಿದೆ. ನಾನು 200 ಮಿಲಿಗೆ ಹಾಕಿದ್ದು ಇಷ್ಟು: ಪೆಪ್ಟೋನ್ 4 ಗ್ರಾಂ, ಗ್ಲಿಸರಿನ್ 2 ಮಿಲಿ, ಡೈಪೊಟ್ಯಾಸಿಯಂ ಫಾಸ್ಫೇಟ್ 0.3 ಗ್ರಾಂ, ಎಪ್ಸಮ್ ಉಪ್ಪು 0.3 ಗ್ರಾಂ. ತಟ್ಟೆಗೆ ಹಾಕುವುದಾದರೆ ಗಟ್ಟಿಯಾಗಲು 3 ಗ್ರಾಂ ಚೈನಾ ಗ್ರಾಸ್, ಕಿರಾಣಿ ಅಂಗಡಿಯದ್ದೇ. ಸ್ವಲ್ಪ ಮಬ್ಬಾಗಿ ಬರುತ್ತದೆ, ಕೆಲಸ ಮಾಡುತ್ತದೆ. ಪಿಎಚ್ ಕಾಗದದಲ್ಲಿ ನೋಡಿ 7ರ ಹತ್ತಿರ ಇಟ್ಟುಕೊಂಡೆ.

ಮಾಧ್ಯಮದಲ್ಲಿ ಮೊದಲೇ ಇರುವ ಬೇರೆ ಜೀವಿಗಳು ಸಾಯಲು ಅದನ್ನು ಕುಕ್ಕರಿನಲ್ಲಿ ಬೇಯಿಸಬೇಕು. ಅದಕ್ಕೆ ಅಡುಗೆಮನೆಯ ಕುಕ್ಕರ್ ಮಾತ್ರ ಮುಟ್ಟಲಿಲ್ಲ. ಗುಜರಿಯಿಂದ ಹಳೆ ಐದು ಲೀಟರ್ ಕುಕ್ಕರ್ ತಂದು ಹೊಸ ಗ್ಯಾಸ್ಕೆಟ್ ಹಾಕಿಸಿದೆ. ತೂಕದ ಸೀಟಿ ಇರುವ ಕುಕ್ಕರಿನಲ್ಲಿ ಸುಮಾರು 15 ಪೌಂಡ್ ಒತ್ತಡ ಬರುತ್ತದೆ, ಉರಿ ಸಣ್ಣ ಮಾಡಿ 20 ನಿಮಿಷ. ಬೆಳೆಸಿದ್ದನ್ನು ಎಸೆಯುವಾಗಲೂ ಇದೇ ಕುಕ್ಕರಿನಲ್ಲಿ ಇನ್ನೊಮ್ಮೆ ಬೇಯಿಸಿಯೇ ಎಸೆಯುವುದು. ಬೆಳೆಸಲು ಬೇರೆ ಇನ್‌ಕ್ಯುಬೇಟರ್ ಬೇಕಾಗಲಿಲ್ಲ. ಜುಲೈನಲ್ಲಿ ನಮ್ಮ ಮನೆಯೊಳಗೆ 24ರಿಂದ 26 ಡಿಗ್ರಿ, ಈ ಬ್ಯಾಕ್ಟೀರಿಯಾಕ್ಕೆ ಅದು ಒಗ್ಗುತ್ತದೆ. ಕರೆಂಟು ಹೋದರೂ ಚಿಂತೆಯಿಲ್ಲ.

ಎರಡು ಪೊಟ್ಟಣ ಇದ್ದವು. ಒಂದು ಈ ವರ್ಷ ತಂದು ಫ್ರಿಜ್‌ನಲ್ಲಿ ಇಟ್ಟಿದ್ದು, ಅದನ್ನು 'ಹೊಸದು' ಅನ್ನುತ್ತೇನೆ. ಇನ್ನೊಂದು ಹೋದ ವರ್ಷ ಬಳಸಿ ಉಳಿದದ್ದು, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಮೂಟೆಯ ಪಕ್ಕ ಇತ್ತು. ಅದು 'ಅಟ್ಟದ್ದು'. ಹೋದ ವರ್ಷ ಹಾಕುವ ಮೊದಲೂ ಅದು ಎರಡು ತಿಂಗಳು, ಏಪ್ರಿಲ್ ಮೇ ಬಿಸಿಲಿನಲ್ಲಿ, ಅಲ್ಲೇ ಇತ್ತು. ಇದನ್ನು ಬರೆಯುವಾಗ ಈಗಲೂ ಬೇಜಾರಾಗುತ್ತದೆ.

ಹಂತ 4. ಜುಲೈ 10ರಿಂದ 18: ಹೊಳಪೇ ಇಲ್ಲ

ಎರಡನ್ನೂ ದ್ರವ ಮಾಧ್ಯಮಕ್ಕೆ ಹಾಕಿ 48 ಗಂಟೆ ಬಿಟ್ಟೆ. ಹೊಸದರಲ್ಲಿ ನೀರು ಗಂಜಿಯ ಹಾಗೆ ಮಬ್ಬಾಯಿತು, ಅಂದರೆ ಏನೋ ಬೆಳೆದಿದೆ. ಟಾರ್ಚ್ ಹಿಡಿದರೆ ಹಸಿರೂ ಇಲ್ಲ ಏನೂ ಇಲ್ಲ. ಸ್ಪೆಕ್ಟ್ರೋಮೀಟರ್‌ನಲ್ಲಿ ಖಾಲಿ ಮಾಧ್ಯಮಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಇಲ್ಲಿ ಎರಡು ತಪ್ಪು ಒಟ್ಟಿಗೆ ಕೂತಿದ್ದವು, ಅದಕ್ಕೇ ಎಂಟು ದಿನ ಹೋಯಿತು.

ಮೊದಲನೆಯದು ಕ್ಯಾಮೆರಾದ ಆಟೋ ಎಕ್ಸ್‌ಪೋಜರ್. ಕತ್ತಲು ಜಾಸ್ತಿ ಇದ್ದರೆ ಕ್ಯಾಮೆರಾ ತಾನೇ ಬೆಳಕು ಏರಿಸಿಕೊಳ್ಳುತ್ತದೆ, ಬೆಳಕು ಜಾಸ್ತಿ ಇದ್ದರೆ ಇಳಿಸುತ್ತದೆ. ಹಾಗಾದರೆ ಎರಡು ಮಾದರಿಯನ್ನು ಹೋಲಿಸುವುದು ಹೇಗೆ? ಎಕ್ಸ್‌ಪೋಜರ್, ವೈಟ್ ಬ್ಯಾಲೆನ್ಸ್, ಗೇನ್ ಮೂರನ್ನೂ ಒಂದೇ ಕಡೆ ಬೀಗ ಹಾಕಿದೆ. ಸಣ್ಣ ಪೈಥಾನ್ ಪ್ರೋಗ್ರಾಂ ಬರೆದು 20 ಚಿತ್ರಗಳ ಸರಾಸರಿ ತೆಗೆಯುವ ಹಾಗೆ ಮಾಡಿದೆ. ಆದರೂ ವೆಬ್‌ಕ್ಯಾಮ್ ಕೊಡುವ ಅಂಕಿ ಬೆಳಕಿನ ಸರಿಯಾದ ಪಾಲಲ್ಲ. 100 ಬಂದರೆ 50ರ ಎರಡರಷ್ಟು ಬೆಳಕು ಅಂತ ಓದಬಾರದು. ಜಾಸ್ತಿ ಕಡಿಮೆ ಹೇಳಬಹುದು, ಅಷ್ಟೇ.

ಎರಡನೆಯದು ನೀರು. ಇದು ಗೊತ್ತಾಗಿದ್ದು ಬಚ್ಚಲಿನಲ್ಲಿ. ನಮ್ಮ ಬೋರ್‌ವೆಲ್ ನೀರು ತುಂಬಿಡುವ ಬಿಳಿ ಬಕೆಟ್ ಒಳಗಡೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ಉಜ್ಜಿದರೂ ಹೋಗುವುದಿಲ್ಲ. ಕಬ್ಬಿಣ! ಪಯೋವರ್ಡಿನ್ ಇರುವುದೇ ಕಬ್ಬಿಣ ಹಿಡಿದು ತರಲು. ಕಬ್ಬಿಣ ಬೇಕಾದಷ್ಟು ಸಿಕ್ಕರೆ ಬ್ಯಾಕ್ಟೀರಿಯಾ ಅದನ್ನು ತಯಾರು ಮಾಡುವುದೇ ಇಲ್ಲ. ನಾನು ಮಾಧ್ಯಮವನ್ನು ಅದೇ ಬೋರ್ ನೀರಿನಲ್ಲಿ ಮಾಡಿದ್ದೆ. ಬ್ಯಾಕ್ಟೀರಿಯಾ ಹೊಟ್ಟೆ ತುಂಬ ಕಬ್ಬಿಣ ತಿಂದು ಸುಮ್ಮನೆ ಬೆಳೆದುಕೊಂಡಿತ್ತು.

ಹಂತ 5. ಜುಲೈ 19ರಿಂದ 23: ಹಳದಿ ಕಾಗದ, ಬಿಳಿ ಬನಿಯನ್

ಶಿವಮೊಗ್ಗಕ್ಕೆ ಹೋದಾಗ ಬ್ಯಾಟರಿ ಅಂಗಡಿಯಿಂದ ಐದು ಲೀಟರ್ ಡಿಸ್ಟಿಲ್ಡ್ ವಾಟರ್ ತಂದೆ. ಕೇಳುವಾಗ ಬ್ಯಾಟರಿಗೆ ಹಾಕುವ ನೀರು ಅಂತ ಸರಿಯಾಗಿ ಹೇಳಿ, ಆಸಿಡ್ ಕ್ಯಾನ್ ಕೂಡ ಅಲ್ಲೇ ಇರುತ್ತದೆ. ಗಾಂಧಿ ಬಜಾರಿನಲ್ಲಿ ಹೂಗುಚ್ಛಕ್ಕೆ ಸುತ್ತುವ ಹಳದಿ ಪಾರದರ್ಶಕ ಕಾಗದವನ್ನೂ ತಂದೆ. ಟಾರ್ಚಿನ ನೇರಳೆ ಬೆಳಕನ್ನು ತಡೆಯಲು ಸೀಳಿನ ಮುಂದೆ ಅಂಟಿಸಿದರೆ ಚೊಕ್ಕವಾಗುತ್ತದೆ ಅಂದುಕೊಂಡೆ.

ಚೊಕ್ಕವಾಗಿಯೇ ಬಂತು. 510ರಲ್ಲಿ ಚೂಪಾದ ಶಿಖರ. ಎರಡು ದಿನ ಅದನ್ನೇ ನಂಬಿದೆ. ಆಮೇಲೆ ಅನುಮಾನ ಬಂದು ಬಟ್ಟೆ ಸೋಪಿನ ಪುಡಿ ಕರಗಿಸಿದ ನೀರು ಇಟ್ಟು ನೋಡಿದರೆ ಅದಕ್ಕೂ 510ರ ಹತ್ತಿರವೇ ಶಿಖರ! ಹಳದಿ ಕಾಗದ 480ಕ್ಕಿಂತ ಕೆಳಗಿನ ನೀಲಿಯನ್ನೆಲ್ಲಾ ನುಂಗಿ, ಉಳಿದ ಬಾಲವನ್ನು ಶಿಖರದ ಹಾಗೆ ತೋರಿಸುತ್ತಿತ್ತು. ನನಗೆ ಬೇಕಾಗಿದ್ದ 460 ಅದರ ಹೊಟ್ಟೆಯೊಳಗೆ ಹೋಗಿತ್ತು. ಕಾಗದ ಕಿತ್ತು ಎಸೆದೆ. 90 ಡಿಗ್ರಿ ಜೋಡಣೆ ಇದ್ದರೆ ಫಿಲ್ಟರ್ ಇಲ್ಲದೆಯೂ ನಡೆಯುತ್ತದೆ. ಖಾಲಿ ಮಾಧ್ಯಮದ ಬೆಳಕನ್ನು ಕಳೆದರೆ ಸಾಕು. ಪೆಪ್ಟೋನ್ ಕೂಡ ತೆಳುವಾಗಿ ನೀಲಿ ಹೊಳೆಯುತ್ತದೆ, ಹಾಗಾಗಿ ಕಳೆಯದೆ ಯಾವ ಮಾತೂ ಆಡುವ ಹಾಗಿಲ್ಲ.

ಇದೇ ವಾರ ಇನ್ನೊಂದು. ರಾತ್ರಿ ಬನಿಯನ್ ಹಾಕಿಕೊಂಡು ಕೂತು ಅಳೆದಾಗ 440ರಲ್ಲಿ ಉಬ್ಬು, ಮರುದಿನ ಕಪ್ಪು ಅಂಗಿಯಲ್ಲಿ ಅಳೆದರೆ ಇಲ್ಲ. ಬಿಳಿ ಬಟ್ಟೆಯಲ್ಲಿ ಉಳಿದಿರುವ ಸೋಪಿನ ಹೊಳಪಿನ ಅಂಶ ಟಾರ್ಚಿನ ಬೆಳಕಿಗೆ ನೀಲಿಯಾಗಿ ಉರಿದು ಸೀಳಿನೊಳಗೆ ಹೋಗುತ್ತಿತ್ತು. ಈಗ ಎಲ್ಲದರ ಮೇಲೆ ಕಪ್ಪು ಕಂಬಳಿ ಮುಚ್ಚಿ ಅಳೆಯುವುದು.

ಹಂತ 6. ಜುಲೈ 27: ಬಂತು

ಬ್ಯಾಟರಿ ನೀರಿನಲ್ಲಿ ಹೊಸ ಮಾಧ್ಯಮ, 48 ಗಂಟೆ. ಸಂಜೆ ಏಳೂವರೆಗೆ ಕರೆಂಟು ಹೋಯಿತು, ಜೋರು ಮಳೆ. ಕತ್ತಲಲ್ಲೇ ಟಾರ್ಚ್ ಹಿಡಿದೆ. 'ಹೊಸದು' ಅಂತ ಬರೆದ ತಟ್ಟೆಯಲ್ಲಿ ಗುಂಡುಗುಂಡಾಗಿ ಚುಕ್ಕೆಗಳು, ಒಂದೊಂದರ ಸುತ್ತಲೂ ಎಳೆ ನಿಂಬೆಕಾಯಿ ಸಿಪ್ಪೆಯ ಬಣ್ಣದ ಬೆಳಕು ಚೈನಾ ಗ್ರಾಸ್‌ನೊಳಗೆ ಹರಡಿಕೊಂಡಿದೆ. ಚುಕ್ಕೆಯ ಒಳಗಿಗಿಂತ ಸುತ್ತಲೇ ಜಾಸ್ತಿ, ಯಾಕೆಂದರೆ ಬಣ್ಣ ಹೊರಗೆ ಬಂದು ನೀರಿನಲ್ಲಿ ಕರಗುತ್ತದೆ. ಅಮ್ಮನನ್ನು ಕರೆದು ತೋರಿಸಿದೆ. ಮಳೆಗಾಲದಲ್ಲಿ ಕಾಡಿನ ಕೊಳೆತ ಕಟ್ಟಿಗೆ ರಾತ್ರಿ ಹೊಳೆಯುತ್ತಿತ್ತು, ಹಾಗೇ ಇದೆ ಅಂದರು. ಅದು ತಾನೇ ಬೆಳಗುವ ಅಣಬೆ, ಇದು ಟಾರ್ಚ್ ಆರಿಸಿದರೆ ಆರಿಹೋಗುತ್ತದೆ. ಆದರೂ ನೋಡಲು ಹಾಗೇ ಇತ್ತು.

ಕರೆಂಟು ಬಂದ ಮೇಲೆ ದ್ರವವನ್ನು ಅಳೆದೆ. ಒಂದು ಮಾತು ಇಲ್ಲಿ. ಮಬ್ಬು ದ್ರವವನ್ನು ಹಾಗೇ ಇಟ್ಟರೆ ಕಣಗಳು ಟಾರ್ಚಿನ ಬೆಳಕನ್ನೇ ಚದುರಿಸಿ 395ರ ಕಡೆ ದೊಡ್ಡ ಗುಡ್ಡ ಎಬ್ಬಿಸುತ್ತವೆ. ರಾತ್ರಿಯಿಡೀ ಫ್ರಿಜ್‌ನಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನು ಸಿರಿಂಜಿನಲ್ಲಿ ಎಳೆದುಕೊಂಡರೆ ಆಯಿತು. ಕ್ಯಾಮೆರಾ ಅಂಕಿಯಲ್ಲಿ ಖಾಲಿ ಮಾಧ್ಯಮ 31, ಹೊಸದು 148, ಅಟ್ಟದ್ದು 33. ಹೊಸದರ ಶಿಖರ 462 ನ್ಯಾನೋಮೀಟರ್‌ನಲ್ಲಿ. ಬಾಲ 550 ದಾಟಿ ಚಾಚಿದೆ, ಕಣ್ಣಿಗೆ ಹಸಿರಾಗಿ ಕಾಣುವುದು ಆ ಬಾಲದಿಂದ. ಅಟ್ಟದ ಪುಡಿಯ ತಟ್ಟೆಯಲ್ಲೂ ಬೆಳೆದಿತ್ತು, ಒಣಕಲು ಬಿಳಿ ಚುಕ್ಕೆಗಳು ಮತ್ತು ಒಂದು ಬೂಷ್ಟು. ಹೊಳೆಯುವುದು ಒಂದೂ ಇಲ್ಲ.

ಹಂತ 7. ಆಗಸ್ಟ್ 4: ಕಬ್ಬಿಣದ ಹನಿ

462ರಲ್ಲಿ ಹೊಳೆಯುವುದೆಲ್ಲಾ ಪಯೋವರ್ಡಿನ್ ಅಂತ ಹೇಗೆ ಹೇಳುವುದು? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಈ ಹಂತ. ಪಯೋವರ್ಡಿನ್ ಕಬ್ಬಿಣವನ್ನು ಹಿಡಿದುಕೊಂಡರೆ ಅದರ ಹೊಳಪು ಆರುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪಿಸಿಬಿ (ಸರ್ಕ್ಯೂಟ್ ಹಲಗೆ) ಕೊರೆಯಲು ಫೆರಿಕ್ ಕ್ಲೋರೈಡ್ ಸಿಗುತ್ತದೆ, ಅದರಲ್ಲಿ ಕಬ್ಬಿಣ ಇದೆ. ಅದರ ಒಂದು ಹನಿಯನ್ನು 200 ಮಿಲಿ ನೀರಿಗೆ ಹಾಕಿ, ಆ ನೀರಿನ ಎರಡು ಹನಿಯನ್ನು ಕ್ಯುವೆಟ್‌ಗೆ ಬಿಟ್ಟೆ. ಹತ್ತು ನಿಮಿಷಕ್ಕೆ 148 ಇದ್ದದ್ದು 90, ಇನ್ನೆರಡು ಹನಿಗೆ 44. ಸೋಪಿನ ನೀರಿಗೆ ಅಷ್ಟೇ ಹನಿ ಹಾಕಿದೆ, ಹೆಚ್ಚೇನೂ ಬದಲಾಗಲಿಲ್ಲ. ಖಾಲಿ ಮಾಧ್ಯಮಕ್ಕೆ ಹಾಕಿದೆ, 31ರಿಂದ 29.

ಮೊದಲ ಸಲ ಫೆರಿಕ್ ಕ್ಲೋರೈಡನ್ನು ನೇರವಾಗಿ ಹಾಕಿದ್ದೆ. ಕ್ಯುವೆಟ್ ಕಂದು ಬಣ್ಣಕ್ಕೆ ತಿರುಗಿ ಟಾರ್ಚಿನ ಬೆಳಕನ್ನೇ ನುಂಗಿತು. ಹಾಗೆ ಮಾಡಿದರೆ ಏನಿಟ್ಟರೂ ಆರುತ್ತದೆ, ಪರೀಕ್ಷೆಗೆ ಅರ್ಥವಿಲ್ಲ. ಕಣ್ಣಿಗೆ ಬಣ್ಣ ಕಾಣದಷ್ಟು ತೆಳು ಇರಬೇಕು. ಚರ್ಮಕ್ಕೂ ಬಟ್ಟೆಗೂ ತಾಗಿಸಬೇಡಿ, ಕಲೆ ಹೋಗುವುದಿಲ್ಲ.

ಹಂತ 8. ಆಗಸ್ಟ್ 12: ಎಣಿಕೆ, ಮತ್ತೆ ಸಗಣಿ

ಬದುಕಿದೆ ಅಂತ ಗೊತ್ತಾಯಿತು, ಎಷ್ಟು? 1 ಗ್ರಾಂ ಪುಡಿಯನ್ನು ಕುದಿಸಿ ಆರಿಸಿದ 9 ಮಿಲಿ ಉಪ್ಪುನೀರಿಗೆ ಹಾಕಿ ಕುಲುಕಿ, ಅದರಿಂದ 1 ಮಿಲಿ ತೆಗೆದು ಮತ್ತೆ 9 ಮಿಲಿಗೆ, ಹೀಗೆ ಒಟ್ಟು ಐದು ಸಲ ಹತ್ತು ಪಟ್ಟು ತೆಳು ಮಾಡಿದೆ. ಸಲಸಲಕ್ಕೂ ಹೊಸ ಸಿರಿಂಜ್. ಕೊನೆಯದರಿಂದ 0.1 ಮಿಲಿ ತಟ್ಟೆಗೆ ಹರಡಿದೆ. ಯುವಿ ಬೆಳಕಿನಲ್ಲಿ ಹೊಳೆಯುವ ಚುಕ್ಕೆ ಮಾತ್ರ ಎಣಿಸಿದರೆ 47. ಅಂದರೆ ಗ್ರಾಂಗೆ 4.7 ಕೋಟಿ. ಪೊಟ್ಟಣದ ಮೇಲೆ ಬರೆದಿರುವುದು 10 ಕೋಟಿ. ಒಂದೇ ತಟ್ಟೆಯ ಲೆಕ್ಕ, ಸಿರಿಂಜಿನ ಅಳತೆ, ಹಾಗಾಗಿ ಇದರ ಮೇಲೆ ಯಾರ ಹತ್ತಿರವೂ ಜಗಳಕ್ಕೆ ಹೋಗುವ ಹಾಗಿಲ್ಲ. ಬಳಸಲು ಯೋಗ್ಯ ಅಂತ ನನಗೆ ಸಾಕಾಯಿತು.

ಗೊಬ್ಬರದಲ್ಲಿ ಕಲಸಿಟ್ಟ ಮೇಲೆ ಎಷ್ಟು ಉಳಿಯುತ್ತದೆ ಅಂತ ನೋಡಲು ಸಗಣಿ ಗೊಬ್ಬರವನ್ನೇ ಸ್ಪಿರಿಟ್‌ನಲ್ಲಿ ಅಲ್ಲಾಡಿಸಿ ತಿಳಿ ತೆಗೆದು ಅಳೆದೆ. 460ರಲ್ಲಿ ಏನೂ ಸ್ಪಷ್ಟವಿಲ್ಲ, ಬದಲಿಗೆ 670ರ ಹತ್ತಿರ ಎದ್ದು ಕಾಣುವ ಕೆಂಪು ಶಿಖರ. ಒಂದು ಗಂಟೆ ಏನೋ ಹೊಸ ಜೀವಿ ಸಿಕ್ಕಿತು ಅಂತಲೇ ಇದ್ದೆ. ಅದು ಹಸು ತಿಂದ ಹುಲ್ಲಿನ ಹಸಿರು, ಕ್ಲೋರೋಫಿಲ್ ಹೊಟ್ಟೆಯಲ್ಲಿ ಒಡೆದು ಉಳಿದದ್ದು. ಗೊಬ್ಬರವನ್ನು ನೇರ ಅಳೆಯಲು ಆಗುವುದಿಲ್ಲ, ತಟ್ಟೆಯಲ್ಲಿ ಬೆಳೆಸಿಯೇ ನೋಡಬೇಕು.

ಖರ್ಚು

ವೆಬ್‌ಕ್ಯಾಮ್ ₹690, ಟಾರ್ಚ್ ₹280, ಪೈಪ್ ಮುಚ್ಚಳ ₹90, ಡಿವಿಡಿ ₹20, ಕ್ಯುವೆಟ್ 100ಕ್ಕೆ ₹560, 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ ₹410, ಪೆಪ್ಟೋನ್ 500 ಗ್ರಾಂ ₹1,350, ಫಾಸ್ಫೇಟ್ ₹310, ಗ್ಲಿಸರಿನ್ ₹60, ಎಪ್ಸಮ್ ₹40, ತಟ್ಟೆ ₹225, ಕುಕ್ಕರ್ ₹600, ಬ್ಯಾಟರಿ ನೀರು ₹100, ಚೈನಾ ಗ್ರಾಸ್ ₹60. ಒಟ್ಟು ₹4,795. ಹಾಳು ಮಾಡಿದ್ದು ಇದರಲ್ಲಿ ಸೇರಿಲ್ಲ. ಪೆಪ್ಟೋನ್ ಡಬ್ಬಿ ತೆರೆದ ಮೇಲೆ ಬಾಯಿ ಬಿಗಿಯಾಗಿ ಮುಚ್ಚಿಡಿ, ನಮ್ಮ ಗಾಳಿಗೆ ಎರಡೇ ದಿನದಲ್ಲಿ ಬೆಲ್ಲದ ಹಾಗೆ ಅಂಟುತ್ತದೆ.

ಹಂತ 9. ಆಗಸ್ಟ್ 20ರಿಂದ: ಯಾವ ಸ್ಯೂಡೋಮೊನಾಸ್?

ಈ ಬೆಳಕು ಹೇಳುವುದು ಒಂದು ಗುಂಪಿನ ಹೆಸರು ಮಾತ್ರ. ಸ್ಯೂಡೋಮೊನಾಸ್ ಏರುಜಿನೋಸಾ ಕೂಡ ಪಯೋವರ್ಡಿನ್ ಮಾಡುತ್ತದೆ, ಅದು ಗಾಯಕ್ಕೆ, ಕಿವಿಗೆ, ಸುಟ್ಟ ಚರ್ಮಕ್ಕೆ ಸೋಂಕು ತರುವ ಜಾತಿ. ಅದಕ್ಕೇ ಹೊಳೆಯುವ ತಟ್ಟೆಯ ಮುಚ್ಚಳ ತೆರೆದು ಮೂಸುವುದು, ಬರಿಗೈಯಲ್ಲಿ ಮುಟ್ಟುವುದು ಬೇಡವೇ ಬೇಡ. ಎರಡನ್ನೂ ಬೇರೆ ಮಾಡಲು ಶಾಖ ಇದೆ. ಏರುಜಿನೋಸಾ 42 ಡಿಗ್ರಿಯಲ್ಲೂ ಬೆಳೆಯುತ್ತದೆ, ಫ್ಲೋರೆಸೆನ್ಸ್ ಬೆಳೆಯುವುದಿಲ್ಲ. ಥರ್ಮೋಕೋಲ್ ಡಬ್ಬಿ, 15 ವ್ಯಾಟ್ ಬಲ್ಬ್, ₹150ರ ಥರ್ಮೋಸ್ಟಾಟ್ ಸೇರಿಸಿ 42 ಡಿಗ್ರಿ ನಿಲ್ಲಿಸಿದೆ. ಮೊದಲ ಸಲ ರಾತ್ರಿ ಕರೆಂಟು ಹೋಗಿ 27ಕ್ಕೆ ಇಳಿದಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೇ ಸಲ ಇನ್ವರ್ಟರ್‌ಗೆ ಸಿಕ್ಕಿಸಿದೆ. 48 ಗಂಟೆಯಲ್ಲಿ ಏನೂ ಬೆಳೆಯಲಿಲ್ಲ, ಅದೇ ಚುಕ್ಕೆಯಿಂದ ಹೊರಗಿಟ್ಟ ತಟ್ಟೆ ಚೆನ್ನಾಗಿ ಹೊಳೆಯಿತು.

ಇನ್ನು ಉಳಿದದ್ದು ಸ್ಯೂಡೋಮೊನಾಸ್ ಪುಟಿಡಾ. ಅದೂ ಹೊಳೆಯುತ್ತದೆ, ಅದೂ 42ರಲ್ಲಿ ಬೆಳೆಯುವುದಿಲ್ಲ. ಆದರೆ ಫ್ಲೋರೆಸೆನ್ಸ್ ಜೆಲಾಟಿನ್ ಕರಗಿಸುತ್ತದೆ, ಪುಟಿಡಾ ಕರಗಿಸುವುದಿಲ್ಲ. ಎರಡು ಕೊಳವೆಯಲ್ಲಿ ಜೆಲಾಟಿನ್ ಮಾಧ್ಯಮ ಹಾಕಿ ಒಂದಕ್ಕೆ ಮಾತ್ರ ಹೊಳೆಯುವ ಚುಕ್ಕೆಯಿಂದ ಸೂಜಿ ಚುಚ್ಚಿದ್ದೇನೆ. ನಮ್ಮ ಮನೆಯ ಶಾಖಕ್ಕೆ ಜೆಲಾಟಿನ್ ತಾನಾಗೇ ಮೆತ್ತಗಾಗುತ್ತದೆ, ಅದಕ್ಕೆ ನೋಡುವ ಮೊದಲು ಎರಡನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಬೇಕು. ಇವತ್ತು ನಾಲ್ಕನೇ ದಿನ. ಖಾಲಿ ಕೊಳವೆ ಗಟ್ಟಿಯಾಗಿದೆ, ಓರೆ ಮಾಡಿದರೂ ಅಲುಗುವುದಿಲ್ಲ. ಚುಚ್ಚಿದ ಕೊಳವೆಯಲ್ಲಿ ಮೇಲಿನ ಅರ್ಧ ಬೆರಳಿನಷ್ಟು ನೀರಾಗಿಯೇ ಉಳಿದಿದೆ, ಟಾರ್ಚ್ ಹಿಡಿದರೆ ಅಷ್ಟು ಭಾಗ ಹಸಿರು. ಸೆಪ್ಟೆಂಬರಿನ ಎರಡನೇ ಸುತ್ತಿಗೆ ಇದೇ ಪೊಟ್ಟಣವನ್ನು ಬಳ್ಳಿಗಳ ಬುಡಕ್ಕೆ ಹಾಕುತ್ತೇನೆ. ಅಟ್ಟದ ಪುಡಿಯನ್ನು ಇವತ್ತು ಬೆಳಿಗ್ಗೆ ಗೊಬ್ಬರದ ಗುಂಡಿಗೆ ಸುರಿದೆ.